ಹೂವನ್ನು ಕೊನೆಗೆ ನೋಡುವುದು

ನನ್ನ ಹತ್ತಿರ ಇರುವುದು ಒಂದು ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ, ಅದರ ಜೊತೆಗೇ ಬಂದ, 18ರಿಂದ 55 ಮಿಲಿಮೀಟರ್‌ವರೆಗೆ ಜೂಮ್ ಆಗುವ 18-55 ಲೆನ್ಸ್, ಮತ್ತೆ ಮೊಣಕಾಲಿನ ಕೆಳಗೆ ಹಾಸಿಕೊಳ್ಳಲು ಒಂದು ಗೋಣಿಚೀಲ. ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಇಲ್ಲ, ಫ್ಲಾಶ್ ಇಲ್ಲ. ಟ್ರೈಪಾಡ್ ಒಂದಿತ್ತು, ಅದರ ಕಾಲು ಮುರಿದ ಮೇಲೆ ಇನ್ನೊಂದನ್ನು ತರಲಿಲ್ಲ. ಇಷ್ಟರಲ್ಲೇ ಆರು ವರ್ಷದಿಂದ ಹೂವಿನ ಫೋಟೋ ತೆಗೆಯುತ್ತಿದ್ದೇನೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆ ಮುಂದಿನ ಒಂದೇ ದಾಸವಾಳದ ಗಿಡದ್ದು.

ಮೊದಲ ಎರಡು ವರ್ಷದ ಫೋಟೋಗಳನ್ನು ಈಗ ತೆರೆದು ನೋಡಿದರೆ ಎಲ್ಲದರಲ್ಲೂ ಒಂದೇ ತಪ್ಪು ಕಾಣುತ್ತದೆ. ಗಿಡದ ಹತ್ತಿರ ಹೋಗುತ್ತಿದ್ದೆ, ಇದ್ದುದರಲ್ಲಿ ಚೆಂದದ ಹೂವನ್ನು ಹುಡುಕುತ್ತಿದ್ದೆ, ಅದರ ಎದುರು ನಿಂತು ಕ್ಲಿಕ್ ಮಾಡುತ್ತಿದ್ದೆ. ಹೂವು ಸರಿಯಾಗಿ ನಡುವೆ, ಬಿಸಿಲು ನೆತ್ತಿಯ ಮೇಲೆ, ಹಿಂದೆ ನೀರಿನ ಪೈಪು. ಒಂದು ಎಸಳು ಬಣ್ಣವೇ ಇಲ್ಲದ ಹಾಗೆ ಬೆಳ್ಳಗೆ, ಪಕ್ಕದ ಎಸಳು ಕಪ್ಪು ನೆರಳಿನಲ್ಲಿ. ಕಣ್ಣಿಗೆ ಅಷ್ಟು ಚೆಂದ ಕಂಡ ಹೂವು ಸ್ಕ್ರೀನಿನಲ್ಲಿ ಇರುತ್ತಲೇ ಇರಲಿಲ್ಲ. ಲೆನ್ಸ್ ಸರಿಯಿಲ್ಲ, ಒಳ್ಳೆಯ ಲೆನ್ಸ್ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ನಿಜವಾಗಿ ನಂಬಿದ್ದೆ.

ಒಂದು ದಿನ ಮಧ್ಯಾಹ್ನ ಮಳೆ ನಿಂತಿತ್ತು, ಮೋಡ ಮಾತ್ರ ಹಾಗೇ ಕವಿದಿತ್ತು. ಸುಮ್ನೆ ಕ್ಯಾಮೆರಾ ಹಿಡಿದು ಹೊರಗೆ ಬಂದೆ. ಅದೇ ಗಿಡ, ಅದೇ ಲೆನ್ಸ್. ಆದರೆ ಅವತ್ತಿನ ಫೋಟೋದಲ್ಲಿ ಎಸಳಿನ ಮೇಲಿನ ಸಣ್ಣ ಗೆರೆಗಳೂ ಕಂಡವು, ಒಳಗಿನ ಕಡುಗೆಂಪು ಹೊರಗೆ ಬರುತ್ತಾ ತಿಳಿಯಾಗುವುದು ಕಂಡಿತು, ಎಸಳಿನ ಅಂಚು ಮಡಚಿಕೊಂಡ ಕಡೆ ನೆರಳು ಇದ್ದರೂ ಆ ನೆರಳಿನೊಳಗೆ ಕೂಡ ಬಣ್ಣ ಇತ್ತು. ಲೆನ್ಸಿನದ್ದು ತಪ್ಪೇ ಇರಲಿಲ್ಲ.

ಇದರ ಕಾರಣ ಸರಳ. ಸೂರ್ಯ ಎಷ್ಟೇ ದೊಡ್ಡದಿದ್ದರೂ ಆಕಾಶದಲ್ಲಿ ಅದರ ಅಗಲ ಅರ್ಧ ಡಿಗ್ರಿ ಅಷ್ಟೆ, ಅಂದರೆ ಚಾಚಿದ ಕೈಯ ಕಿರುಬೆರಳಿನ ಅರ್ಧದಷ್ಟು. ಅಷ್ಟು ಚಿಕ್ಕ ಜಾಗದಿಂದ ಬರುವ ಬೆಳಕು ಒಂದೇ ದಿಕ್ಕಿನಿಂದ ಬಂದು ಬೀಳುತ್ತದೆ, ಹಾಗಾಗಿ ನೆರಳಿನ ಅಂಚು ಕತ್ತರಿಸಿದ ಹಾಗೆ ಇರುತ್ತದೆ. ಮೋಡ ಕವಿದಾಗ ಇಡೀ ಆಕಾಶವೇ ದೀಪ. ಎಲ್ಲ ಕಡೆಯಿಂದಲೂ ಬೆಳಕು ಬರುವುದರಿಂದ ಒಂದು ಎಸಳು ಇನ್ನೊಂದರ ಮೇಲೆ ಕಪ್ಪು ನೆರಳು ಬೀಳಿಸುವುದಿಲ್ಲ. ನಮ್ಮ ಕಣ್ಣು ಬಿಸಿಲನ್ನೂ ನೆರಳನ್ನೂ ಒಟ್ಟಿಗೆ ಸಂಭಾಳಿಸುತ್ತದೆ, ಕ್ಯಾಮೆರಾಗೆ ಅಷ್ಟು ಆಗುವುದಿಲ್ಲ. ಬೆಳಗಿನ ಮತ್ತು ಸಂಜೆಯ ಹೊಂಬಿಸಿಲನ್ನು ಎಲ್ಲರೂ ಹೊಗಳುತ್ತಾರೆ, ನನಗೂ ಇಷ್ಟ. ಆದರೆ ಹೂವಿನ ಬಣ್ಣ ಇದ್ದ ಹಾಗೆ ಬೇಕೆಂದರೆ ನಾನು ಮೋಡವನ್ನೇ ಆರಿಸಿಕೊಳ್ಳುತ್ತೇನೆ. ಮೋಡದ ದಿನ ಫೋಟೋ ಬರುವುದಿಲ್ಲ ಎಂದು ಕ್ಯಾಮೆರಾ ಒಳಗಿಡುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಹೊರಗೆ ಅಷ್ಟು ಒಳ್ಳೆಯ ಬೆಳಕು ವ್ಯರ್ಥವಾಗಿ ಹೋಗುತ್ತಿರುತ್ತದೆ.

ಮೋಡ ಇಲ್ಲದಿದ್ದರೆ ಒಂದು ಚಿಕ್ಕ ಮೋಡ ಮಾಡಿಕೊಳ್ಳಬಹುದು. ತೆಳುವಾದ ಬಿಳಿ ಬಟ್ಟೆಯನ್ನು ಹೂವಿನ ಮೇಲೆ ಯಾರಾದರೂ ಹಿಡಿದರೆ ಸಾಕು, ಬಿಳಿ ಛತ್ರಿ ಇದ್ದರೆ ಇನ್ನೂ ಸುಲಭ. ಬಟ್ಟೆ ಹೂವಿಗೆ ಹತ್ತಿರ ಬಂದಷ್ಟೂ ಬೆಳಕು ಮೆತ್ತಗಾಗುತ್ತದೆ, ಯಾಕೆಂದರೆ ಹೂವಿನ ಲೆಕ್ಕದಲ್ಲಿ ದೀಪ ದೊಡ್ಡದಾಯಿತು. ಬಿಸಿಲು ಪಕ್ಕದಿಂದ ಬರುತ್ತಿದ್ದರೆ ಎದುರು ಬದಿಗೆ ಒಂದು ಬಿಳಿ ಕಾಗದವನ್ನೋ ಥರ್ಮಾಕೋಲ್ ತುಂಡನ್ನೋ ಇಡುತ್ತೇನೆ, ನೆರಳಿನ ಕಡೆಗೂ ಸ್ವಲ್ಪ ಬೆಳಕು ಸಿಗುತ್ತದೆ. ಒಮ್ಮೆ ಒಂದು ಬಿಳಿ ಹೂವಿನ ಎಲ್ಲ ಫೋಟೋಗಳಲ್ಲೂ ಕೆಳಗಿನ ಎಸಳಿಗೆ ಗುಲಾಬಿ ಛಾಯೆ ಬಂದಿತ್ತು. ಎಷ್ಟು ಯೋಚಿಸಿದರೂ ಗೊತ್ತಾಗಲಿಲ್ಲ. ಕೊನೆಗೆ ನೋಡಿದರೆ ಅವತ್ತು ನಾನು ಕೆಂಪು ಅಂಗಿ ಹಾಕಿಕೊಂಡು ಆ ಹೂವಿನ ಮುಂದೆ ಬಗ್ಗಿ ಕುಳಿತಿದ್ದೆ. ಅಂಗಿಯ ಬಣ್ಣ ಹೂವಿನ ಮೇಲೆ ಬಿದ್ದಿತ್ತು. ಆಗಿನಿಂದ ಬಿಳಿ ಅಥವಾ ಬೂದು ಬಣ್ಣದ ಅಂಗಿಯನ್ನೇ ಹಾಕಿಕೊಂಡು ಹೋಗುತ್ತೇನೆ. ಮರದ ಕೆಳಗೆ ಬಿಳಿ ಹೂವು ಹಸಿರಾಗಿ ಬರುವುದೂ ಇದೇ ಕಾರಣಕ್ಕೆ, ಎಲೆಗಳಿಗೆ ತಾಗಿ ಬಂದ ಬೆಳಕು ಅದು. ಗೋಡೆಯ ನೆರಳಿನಲ್ಲಿರುವ ಹೂವಿಗೆ ಬೆಳಕು ಕೊಡುವುದು ನೀಲಿ ಆಕಾಶ, ಹಾಗಾಗಿ ಅದು ನೀಲಿಯಾಗುತ್ತದೆ. ಅದಕ್ಕೆ ಕ್ಯಾಮೆರಾದಲ್ಲಿ ಬೆಳಕಿನ ಬಣ್ಣವನ್ನು ಸರಿದೂಗಿಸುವ ವೈಟ್ ಬ್ಯಾಲೆನ್ಸನ್ನು ಶೇಡ್‌ಗೆ ಇಟ್ಟರೆ ಸಾಕು.

ಇದೆಲ್ಲ ತಿಳಿದ ಮೇಲೆ ನಾನು ಕೆಲಸ ಮಾಡುವ ಕ್ರಮವೇ ತಲೆಕೆಳಗಾಯಿತು. ಈಗ ಗಿಡದ ಹತ್ತಿರ ಹೋದಾಗ ಮೊದಲು ಬೆಳಕು ಎಲ್ಲಿಂದ ಬರುತ್ತಿದೆ ಎಂದು ನೋಡುತ್ತೇನೆ. ಆಮೇಲೆ ಹಿಂದೆ ಏನಿದೆ ಎಂದು ನೋಡುತ್ತೇನೆ. ಹೂವನ್ನು ನೋಡುವುದು ಕೊನೆಗೆ. ಕೇಳಲು ವಿಚಿತ್ರ ಅನ್ನಿಸಬಹುದು, ಹೂವಿಗಾಗಿಯೇ ಹೋಗಿ ಹೂವನ್ನು ಕೊನೆಗೆ ನೋಡುವುದು. ಆದರೆ ಗಿಡದಲ್ಲಿ ಎಲ್ಲಕ್ಕಿಂತ ಚೆಂದ ಅರಳಿದ ಹೂವು ಎಷ್ಟೋ ಸಲ ಕೆಟ್ಟ ಜಾಗದಲ್ಲಿರುತ್ತದೆ. ಅದರ ಹಿಂದೆ ಗೋಡೆ ಅಂಟಿಕೊಂಡಿರುತ್ತದೆ, ಇಲ್ಲವೇ ಬಿಸಿಲು ಎಲೆಗಳ ನಡುವೆ ತೂರಿ ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿದ್ದಿರುತ್ತದೆ. ಕೆಳಗಿನ ಕೊಂಬೆಯಲ್ಲಿ, ಒಂದು ಎಸಳಿಗೆ ಹುಳ ಕಚ್ಚಿದ ಹೂವು ಒಳ್ಳೆಯ ಬೆಳಕಿನಲ್ಲಿ ನಿಂತಿರುತ್ತದೆ. ನನ್ನ ಒಳ್ಳೆಯ ಫೋಟೋಗಳಲ್ಲಿ ಬಹಳಷ್ಟು ಇಂಥ ಹೂವುಗಳದ್ದೇ.

ಹಿನ್ನೆಲೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಸಾಧಾರಣ ಲೆನ್ಸ್ ಇರುವವರಿಗೆ ಇಲ್ಲಿಯೇ ಗೆಲ್ಲುವ ದಾರಿ ಇದೆ. ಹಿನ್ನೆಲೆ ಮಸುಕಾಗಿ ಮೆತ್ತಗೆ ಬರಬೇಕೆಂದರೆ ದುಬಾರಿ ಲೆನ್ಸೇ ಬೇಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ ಅಲ್ವಾ? ನಿಜ ಏನೆಂದರೆ, ಲೆನ್ಸಿನಿಂದ ಹೂವು ಎಷ್ಟು ಹತ್ತಿರ, ಹೂವಿನಿಂದ ಹಿನ್ನೆಲೆ ಎಷ್ಟು ದೂರ, ಈ ಎರಡೇ ಹೆಚ್ಚಿನ ಕೆಲಸ ಮಾಡಿಬಿಡುತ್ತವೆ. ಲೆನ್ಸನ್ನು 55ಕ್ಕೆ ತಿರುಗಿಸಿ, ಅದು ಫೋಕಸ್ ಮಾಡುವಷ್ಟು ಹತ್ತಿರ ಹೋಗಿ, ಹಿಂದೆ ಹತ್ತು ಅಡಿ ಖಾಲಿ ಇರುವ ಕಡೆ ನೋಡಿ. ಎಫ್ 5.6ರಲ್ಲೂ (ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಏರಿದಷ್ಟೂ ಕಿಂಡಿ ಕಿರಿದು) ಹಿಂದಿನದೆಲ್ಲ ಬಣ್ಣದ ತೊಯ್ದ ಕಾಗದದ ಹಾಗೆ ಆಗುತ್ತದೆ. ಗೋಡೆಗೆ ಅಂಟಿಕೊಂಡ ಹೂವಾದರೆ ಎಂಥ ಲೆನ್ಸ್ ತಂದರೂ ಗೋಡೆ ಕಾಣುತ್ತದೆ. ನಾವು ಒಂದು ಗೇಣು ಎಡಕ್ಕೆ ಸರಿದರೆ ಹಿನ್ನೆಲೆ ಎಷ್ಟೋ ಅಡಿ ಬದಲಾಗುತ್ತದೆ, ಪೈಪು ಹೋಗಿ ಹುಲ್ಲು ಬರುತ್ತದೆ, ಹುಲ್ಲು ಹೋಗಿ ನೆರಳು ಬರುತ್ತದೆ. ಅದಕ್ಕೇ ಗೋಣಿಚೀಲ. ಹೂವಿನ ಎತ್ತರಕ್ಕೆ ಇಳಿಯದೆ ನಿಂತಲ್ಲಿಂದ ಬಗ್ಗಿ ತೆಗೆದರೆ ಹಿನ್ನೆಲೆ ಅಂದರೆ ಬರೀ ಮಣ್ಣು, ಅದೂ ತೀರಾ ಹತ್ತಿರದ ಮಣ್ಣು. ಮೋಡದ ದಿನ ಒಂದು ಎಚ್ಚರಿಕೆ ಬೇಕು. ಹಿಂದೆ ಆಕಾಶ ಬರದ ಹಾಗೆ ನೋಡಿಕೊಳ್ಳಬೇಕು, ಅದು ಖಾಲಿ ಬಿಳಿ ಹಾಳೆಯಾಗಿ ಹೂವಿನ ಅಂಚನ್ನು ತಿಂದುಬಿಡುತ್ತದೆ.

ಕಪ್ಪು ಹಿನ್ನೆಲೆಯ ಹೂವಿನ ಫೋಟೋ ನೋಡಿ ಕಪ್ಪು ಬಟ್ಟೆ ಕಟ್ಟಿದ್ದೀರಾ ಎಂದು ಕೇಳುವವರಿದ್ದಾರೆ. ಬಟ್ಟೆ ಬೇಕಾಗುವುದಿಲ್ಲ. ಹೂವಿನ ಮೇಲೆ ಬಿಸಿಲು ಇರಬೇಕು, ಹಿಂದಿನ ಜಾಗ ದಟ್ಟ ನೆರಳಿನಲ್ಲಿರಬೇಕು, ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕು, ಹೂವಿಗೆ ಸರಿಯಾಗಿರಬೇಕು. ಒಂದು ಸ್ಟಾಪ್ ಕಡಿಮೆ ಅಂದರೆ ಬೆಳಕು ಅರ್ಧ. ಹೂವಿಗಿಂತ ಹಿನ್ನೆಲೆಯ ಬೆಳಕು ಮೂರು ಸ್ಟಾಪ್ ಕಡಿಮೆ ಅಂದರೆ ಎಂಟನೇ ಒಂದು ಪಾಲು. ನಾಲ್ಕೈದು ಸ್ಟಾಪ್ ಆದರೆ ಕ್ಯಾಮೆರಾಗೆ ಅದು ಹೆಚ್ಚುಕಡಿಮೆ ಕತ್ತಲೆಯೇ.

ಬಿಸಿಲು ಹೂವಿನ ಹಿಂದೆ ಇದ್ದಾಗ ಬೇರೆಯದೇ ಲೋಕ. ಎಸಳು ಬೆಳಕನ್ನು ತನ್ನೊಳಗಿಂದ ಹಾಯಿಸಿ ಕಳಿಸುತ್ತದೆ, ಹೂವು ಒಳಗೆ ದೀಪ ಇಟ್ಟ ಹಾಗೆ ಹೊಳೆಯುತ್ತದೆ. ಇದು ಹೇಗಾಗುತ್ತದೆ ಎಂದು ಓದಲು ಕುಳಿತಾಗ ಗೊತ್ತಾದದ್ದು ನನಗೆ ಬಹಳ ಹಿಡಿಸಿತು. ಬಿಳಿ ಎಸಳಿನಲ್ಲಿ ಬಿಳಿ ಬಣ್ಣ ಎಂಬುದೇ ಇರುವುದಿಲ್ಲ. ಒಳಗಿನ ಜೀವಕೋಶಗಳ ನಡುವೆ ಗಾಳಿ ತುಂಬಿದ ಸಣ್ಣ ಸಣ್ಣ ಜಾಗ ಇರುತ್ತದೆ, ಬೆಳಕು ಅಲ್ಲಿ ಚೆದುರಿ ಬೆಳ್ಳಗೆ ಕಾಣುತ್ತದೆ, ನೊರೆ ಬೆಳ್ಳಗೆ ಕಾಣುವ ಹಾಗೆ. ಬಿಳಿ ಎಸಳನ್ನು ಬೆರಳುಗಳ ನಡುವೆ ಒತ್ತಿ ಹಿಸುಕಿದರೆ ಗಾಳಿ ಹೋಗಿ ಆ ಜಾಗ ಗಾಜಿನ ಹಾಗೆ ಆಗುತ್ತದೆ. ಉದುರಿ ಬಿದ್ದ ಎಸಳಿನಲ್ಲಿ ಮಾಡಿ ನೋಡಿ. ಡಿಫಿಲೀಯಾ ಗ್ರೇಯಿ ಎಂಬ ಗಿಡದ ಬಿಳಿ ಹೂವು ಮಳೆಯಲ್ಲಿ ನೆನೆದರೆ ಪಾರದರ್ಶಕವಾಗಿಬಿಡುತ್ತದೆ, ಒಣಗಿದ ಮೇಲೆ ಮತ್ತೆ ಬಿಳಿ. ಇನ್ನು ಕೆಲವು ಹೂವುಗಳ ಎಸಳು ಮಖಮಲ್ಲಿನ ಹಾಗೆ ಕಾಣುವುದಕ್ಕೆ ಕಾರಣ, ಮೇಲಿನ ಪದರದ ಜೀವಕೋಶಗಳು ಚಿಕ್ಕ ಚಿಕ್ಕ ಗೋಪುರಗಳ ಆಕಾರದಲ್ಲಿ ಇರುವುದು. ಅವು ಬೆಳಕನ್ನು ಒಳಗಿನ ಬಣ್ಣದ ಕಡೆಗೆ ಬಗ್ಗಿಸುತ್ತವೆ. ಎದುರಿನಿಂದ ನೇರ ಬೆಳಕು ಬಿದ್ದರೆ ಈ ಮಖಮಲ್ಲು ಕಾಣುವುದಿಲ್ಲ, ಪಕ್ಕದಿಂದ ಜಾರಿ ಬೀಳಬೇಕು. ಇದನ್ನು ಓದಿದ ಮೇಲೆ ನಾನು ಗಿಡದ ಸುತ್ತ ಒಂದು ಸುತ್ತು ಹಾಕದೆ ಕ್ಯಾಮೆರಾ ಎತ್ತುವುದಿಲ್ಲ. ಎದುರು ಬಿಸಿಲಿನಲ್ಲಿ ಕೆಲಸ ಮಾಡುವಾಗ ಎಡಗೈಯನ್ನು ಲೆನ್ಸಿಗೆ ಮರೆ ಹಿಡಿಯುತ್ತೇನೆ, ಇಲ್ಲದಿದ್ದರೆ ಇಡೀ ಚಿತ್ರದ ಮೇಲೆ ಬಿಳಿ ಮಂಜು ಕುಳಿತ ಹಾಗಾಗುತ್ತದೆ.

ಎಕ್ಸ್‌ಪೋಷರ್ ವಿಷಯದಲ್ಲಿ ಬೆಳಕು ಅಳೆಯುವ ಕ್ಯಾಮೆರಾದ ಮೀಟರನ್ನು ಪೂರ್ತಿ ನಂಬಬಾರದು. ಎದುರಿಗಿರುವುದು ಸರಾಸರಿ ಬೂದು ಬಣ್ಣದಷ್ಟು ಬೆಳಕಿನದು ಎಂದು ಅದು ಅಂದುಕೊಳ್ಳುತ್ತದೆ. ಬಿಳಿ ಹೂವು ಚಿತ್ರದ ತುಂಬ ಇದ್ದರೆ ಅದನ್ನು ಬೂದು ಮಾಡಿಡುತ್ತದೆ, ಆಗ ಮೀಟರಿನ ಲೆಕ್ಕವನ್ನು ತಿದ್ದುವ ಕಾಂಪನ್ಸೇಷನ್ +1, ಅಂದರೆ ಒಂದು ಸ್ಟಾಪ್ ಜಾಸ್ತಿ, ಕೊಡಬೇಕು. ಚಿಕ್ಕ ಬಿಳಿ ಹೂವು, ಸುತ್ತ ಕಡುಹಸಿರು ಎಲೆ ಇದ್ದರೆ ಎಲೆಗಳನ್ನು ಬೆಳಗಿಸಲು ಹೋಗಿ ಹೂವನ್ನು ಸುಟ್ಟುಬಿಡುತ್ತದೆ, ಆಗ -1.

ಕೆಂಪು ಹೂವು ಮಾತ್ರ ತುಂಬ ಕಷ್ಟ. ನನ್ನ ದಾಸವಾಳ ಕಡುಗೆಂಪು. ವರ್ಷಗಟ್ಟಲೆ ಅದು ಗೆರೆಯಿಲ್ಲದ, ಮಡಿಕೆಯಿಲ್ಲದ ಒಂದು ಕೆಂಪು ತೇಪೆಯಾಗಿ ಬರುತ್ತಿತ್ತು. ಹಿಸ್ಟೋಗ್ರಾಮ್, ಅಂದರೆ ಚಿತ್ರದಲ್ಲಿ ಎಡಕ್ಕೆ ಕತ್ತಲೆ, ಬಲಕ್ಕೆ ಬೆಳಕು ಎಷ್ಟೆಷ್ಟಿದೆ ಎಂದು ತೋರಿಸುವ ನಕ್ಷೆ, ನೋಡಿದರೆ ಎಲ್ಲ ಸರಿಯಾಗಿದೆ ಎನ್ನುತ್ತಿತ್ತು. ಆಮೇಲೆ ತಿಳಿಯಿತು, ನಾನು ನೋಡುತ್ತಿದ್ದುದು ಮೂರೂ ಬಣ್ಣ ಸೇರಿಸಿದ ಹಿಸ್ಟೋಗ್ರಾಮ್. ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮ್ ಕ್ಯಾಮೆರಾದಲ್ಲೇ ಇತ್ತು, ಅದನ್ನು ಆನ್ ಮಾಡಿದರೆ ಕೆಂಪಿನ ಗುಡ್ಡ ಬಲಗಡೆಯ ಗೋಡೆಗೆ ಹೋಗಿ ಒರಗಿತ್ತು. ಕೆಂಪು ಎಸಳಿನಿಂದ ಬರುವುದೆಲ್ಲ ಹೆಚ್ಚುಕಡಿಮೆ ಕೆಂಪು ಬೆಳಕೇ. ಉಳಿದ ಎರಡು ಬಣ್ಣ ಕಡಿಮೆ ಇರುವುದರಿಂದ ಸರಾಸರಿ ಸರಿಯಾಗಿ ಕಾಣುತ್ತದೆ, ಒಳಗೆ ಕೆಂಪು ತುಂಬಿ ಚೆಲ್ಲಿಹೋಗಿರುತ್ತದೆ. ಚೆಲ್ಲಿಹೋದ ಮೇಲೆ ಗೆರೆ ಎಲ್ಲಿಂದ ಬರಬೇಕು? ಈಗ ಕೆಂಪು ಹೂವಿಗೆ ಒಂದು ಸ್ಟಾಪ್ ಕಡಿಮೆ ಮಾಡಿ, ಸೆನ್ಸರ್ ಹಿಡಿದದ್ದನ್ನೆಲ್ಲ ಹಾಗೇ ಉಳಿಸುವ ರಾ ಫೈಲಿನಲ್ಲಿ ತೆಗೆಯುತ್ತೇನೆ. ಕ್ಯಾಮೆರಾ ಸ್ಕ್ರೀನಿನಲ್ಲಿ ಸ್ವಲ್ಪ ಮಂಕಾಗಿ ಕಂಡರೂ ಆಮೇಲೆ ತೆರೆದಾಗ ಎಸಳಿನ ಪ್ರತಿ ನೆರಿಗೆಯೂ ಇರುತ್ತದೆ. ಯಾರಾದರೂ ಮೊದಲೇ ಇದನ್ನು ಹೇಳಿದ್ದರೆ ನನ್ನ ಎರಡು ವರ್ಷದ ದಾಸವಾಳಗಳು ಉಳಿಯುತ್ತಿದ್ದವು, ಅದಕ್ಕೇ ಇಷ್ಟು ಬಿಡಿಸಿ ಬರೆದೆ.

ಇನ್ನು ಲೆನ್ಸ್. 18-55 ಲೆನ್ಸುಗಳು ಸಾಮಾನ್ಯವಾಗಿ 25 ಸೆಂಟಿಮೀಟರ್ ಆಸುಪಾಸಿನವರೆಗೆ ಹತ್ತಿರ ಫೋಕಸ್ ಮಾಡುತ್ತವೆ. ಈ ದೂರವನ್ನು ಅಳೆಯುವುದು ಕ್ಯಾಮೆರಾದೊಳಗಿನ ಸೆನ್ಸರಿನಿಂದ, ಲೆನ್ಸಿನ ಮೂತಿಯಿಂದ ಅಲ್ಲ. ಕ್ಯಾಮೆರಾದ ಮೇಲ್ಭಾಗದಲ್ಲಿ ಒಂದು ವೃತ್ತ, ಅದರ ಮೇಲೆ ಹಾದುಹೋಗುವ ಗೆರೆ ಇರುತ್ತದಲ್ಲ, ಆ ಗೆರೆಯೇ ಸೆನ್ಸರಿನ ಜಾಗ. ಅಂದರೆ ಲೆನ್ಸಿನ ಮೂತಿ ಹೂವಿನ ಹತ್ತಿರ ಹತ್ತಿರ ಹೋಗಿಬಿಡಬಹುದು. ಎಷ್ಟೋ ಜನ ಮೂರಡಿ ದೂರ ನಿಂತು ನನ್ನ ಲೆನ್ಸಿಗೆ ಹೂವು ಚಿಕ್ಕದಾಗಿ ಬರುತ್ತದೆ ಎನ್ನುತ್ತಾರೆ, ಇನ್ನೂ ಹತ್ತಿರ ಹೋಗಬಹುದು ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ಹಾಗೆ ನೋಡಿದರೆ 50 ಎಂಎಂ ಎಫ್ 1.8 ಲೆನ್ಸ್ ಹೂವಿಗೆ ಅಷ್ಟು ಒಳ್ಳೆಯದಲ್ಲ, ಅದಕ್ಕೆ 35ರಿಂದ 45 ಸೆಂಟಿಮೀಟರ್ ಬೇಕು. ಇನ್ನೂ ಹತ್ತಿರ ಬೇಕಾದರೆ ಎಕ್ಸ್‌ಟೆನ್ಷನ್ ಟ್ಯೂಬ್ ಇದೆ, ಒಳಗೆ ಗಾಜೇ ಇಲ್ಲದ ಖಾಲಿ ಕೊಳವೆ ಅದು, ಬೆಳಕನ್ನು ಸ್ವಲ್ಪ ತಿನ್ನುತ್ತದೆ ಅಷ್ಟೆ. ಫೋನಿನವರು ಫೋಕಸ್ ಮತ್ತು ಬೆಳಕನ್ನು ಒತ್ತಿ ಹಿಡಿದು ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ಕೆಳಗೆ ಎಳೆದರೆ ಸಾಕು. ಪೋರ್ಟ್ರೇಟ್ ಮೋಡ್ ಮಾತ್ರ ಬೇಡ, ಅದು ಎಸಳಿನ ಅಂಚನ್ನೂ ಕೇಸರಗಳನ್ನೂ ಅಳಿಸಿಬಿಡುತ್ತದೆ.

ಹತ್ತಿರ ಹೋದ ಮೇಲೆ ಶುರುವಾಗುವ ತೊಂದರೆ ಫೋಕಸ್ಸಿನದು. ಅಷ್ಟು ಹತ್ತಿರದಲ್ಲಿ ಎಫ್ 5.6ಕ್ಕೆ ಸ್ಪಷ್ಟವಾಗಿ ಬರುವ ಆಳ ಸುಮಾರು ಮೂರು ಮಿಲಿಮೀಟರ್. ಎಫ್ 11ಕ್ಕೆ ಹೋದರೆ ಆರು. ಎಫ್ 22ಕ್ಕೆ ಹೋದರೆ ಡಿಫ್ರಾಕ್ಷನ್ನಿನಿಂದ, ಅಂದರೆ ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದರಿಂದ, ಇಡೀ ಚಿತ್ರವೇ ಮೆತ್ತಗಾಗುತ್ತದೆ. ದಾಸವಾಳದ ನಡುವಿನ ದಂಟು ಎಷ್ಟು ಉದ್ದ ಇರುತ್ತದೆ ನೋಡಿ, ಎದುರಿನಿಂದ ತೆಗೆದರೆ ಅದು ಪೂರ್ತಿ ಸ್ಪಷ್ಟವಾಗಿ ಬರಲು ಸಾಧ್ಯವೇ ಇಲ್ಲ. ಹಾಗಾಗಿ ಆರಿಸಿಕೊಳ್ಳಬೇಕು. ಎದುರಿನಿಂದಾದರೆ ತುದಿಯ ಐದು ಕೆಂಪು ಗುಂಡಿಗಳು ಮಾತ್ರ ಚೂಪಾಗಿ, ಎಸಳೆಲ್ಲ ಮಸುಕಾಗಿ. ಪಕ್ಕದಿಂದಾದರೆ ದಂಟು ಸೆನ್ಸರಿಗೆ ಸಮಾನಾಂತರವಾಗಿ ಬುಡದಿಂದ ತುದಿಯವರೆಗೆ ಒಂದೊಂದು ಪರಾಗದ ಕಾಳೂ ಕಾಣುವ ಹಾಗೆ. ನಾನು ಆಟೋಫೋಕಸ್ ಬಿಟ್ಟು, ಲೆನ್ಸನ್ನು ತೀರಾ ಹತ್ತಿರದ ಫೋಕಸ್ಸಿಗೆ ತಿರುಗಿಸಿ, ಮೈಯನ್ನೇ ಹಿಂದೆ ಮುಂದೆ ಮೆಲ್ಲಗೆ ಆಡಿಸುತ್ತೇನೆ. ತುದಿ ಚೂಪಾದ ಕ್ಷಣಕ್ಕೆ ನಾಲ್ಕೈದು ಫೋಟೋ ಒಟ್ಟಿಗೆ. ಅದರಲ್ಲಿ ಒಂದು ಸಿಗುತ್ತದೆ.

ಗಾಳಿ ಇಲ್ಲದಿದ್ದರೆ. ಗಾಳಿ ಇದ್ದರೆ 1/250, 1/500 ಸೆಕೆಂಡಿನ ಶಟರ್ ಸ್ಪೀಡ್ ಬೇಕು, ಅದಕ್ಕಾಗಿ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಅಳತೆಯಾದ ಐಎಸ್‌ಒವನ್ನು 800ಕ್ಕೋ 1600ಕ್ಕೋ ಏರಿಸಲು ಹೆದರಬಾರದು. ಸ್ವಲ್ಪ ಕಾಳು ಕಾಳಾಗಿ ಬಂದ ಫೋಟೋವನ್ನು ಸರಿಮಾಡಬಹುದು, ಅಲುಗಾಡಿದ್ದನ್ನು ಆಗುವುದಿಲ್ಲ. ದಂಟಿನ ಪಕ್ಕ ಒಂದು ಕಡ್ಡಿ ಊರಿ, ಬಟ್ಟೆ ಕ್ಲಿಪ್ಪಿನಿಂದ ಎರಡನ್ನೂ ಮೆತ್ತಗೆ ಸೇರಿಸುತ್ತೇನೆ, ದಂಟಿಗೆ ಪೆಟ್ಟಾಗದಂತೆ ನಡುವೆ ಚೂರು ಬಟ್ಟೆ ಇಟ್ಟು. ಎಲ್ಲಕ್ಕಿಂತ ಒಳ್ಳೆಯದು ಬೆಳಗ್ಗೆ ಬೇಗ ಹೋಗುವುದು. ರಾತ್ರಿಯಿಡೀ ತಣ್ಣಗಾದ ನೆಲದ ಮೇಲೆ ಗಾಳಿಯೂ ಸುಮ್ಮನಿರುತ್ತದೆ, ಬಿಸಿಲು ನೆಲವನ್ನು ಕಾಯಿಸಿದ ಮೇಲೆ ಅದರ ಓಡಾಟ ಶುರುವಾಗುತ್ತದೆ.

ಆದರೆ ಎಲ್ಲ ಹೂವಿಗೂ ಬೆಳಗ್ಗೆಯೇ ಹೊತ್ತಲ್ಲ. ತಾವರೆ ಬೆಳಗ್ಗೆ ಬಿಚ್ಚಿಕೊಂಡು ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ, ಸಂಜೆಮಲ್ಲಿಗೆ ಸಂಜೆಗೆ ಅರಳುತ್ತದೆ. ಎಳೆಯ ಸೂರ್ಯಕಾಂತಿ ಸೂರ್ಯನ ಜೊತೆ ತಿರುಗುತ್ತದೆ, ಬಲಿತದ್ದು ಪೂರ್ವಕ್ಕೇ ಮುಖ ಮಾಡಿ ನಿಂತುಬಿಡುತ್ತದೆ. ಹಾಗಾಗಿ ಬಲಿತ ಸೂರ್ಯಕಾಂತಿಯ ಮುಖಕ್ಕೆ ಬೆಳಕು ಬೇಕಾದರೆ ಬೆಳಗ್ಗೆ, ಎಸಳು ಹಿಂದಿನಿಂದ ಹೊಳೆಯಬೇಕಾದರೆ ಸಂಜೆ. ಹೂವು ಬಿಚ್ಚುವ, ಮುಚ್ಚುವ ಹೊತ್ತನ್ನು ನೋಡಿಯೇ ಗಂಟೆ ಹೇಳಬಹುದು ಎಂದು ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ 1751ರಲ್ಲೇ ಬರೆದಿದ್ದ. ಅವನು ಮಾಡಿದ ಹಾಗೆ ನಾನೂ ಒಂದು ನೋಟ್‌ಪುಸ್ತಕದಲ್ಲಿ ಯಾವ ಹೂವು ಎಷ್ಟು ಹೊತ್ತಿಗೆ, ಆಗ ಬಿಸಿಲು ಯಾವ ಕಡೆ ಎಂದು ಬರೆದಿಡುತ್ತೇನೆ. ನನ್ನ ಬ್ಯಾಗಿನಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬರುವುದು ಆ ಪುಸ್ತಕವೇ.

ಸಾಮಾನು ಸಾಲದು ಅನ್ನಿಸಿದಾಗ ನಾನು ಇಬ್ಬರನ್ನು ನೆನೆಸಿಕೊಳ್ಳುತ್ತೇನೆ. ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ ಫೋಟೋಗ್ರಫಿ ಕಲಿತವನಲ್ಲ, ಬರ್ಲಿನ್ನಿನ ಕಲಾಶಾಲೆಯಲ್ಲಿ ಮೇಷ್ಟ್ರು. ವಿದ್ಯಾರ್ಥಿಗಳಿಗೆ ಗಿಡಗಳ ಆಕಾರ ತೋರಿಸಲೆಂದು ತಾನೇ ಮಾಡಿಕೊಂಡ ಕ್ಯಾಮೆರಾದಲ್ಲಿ, ಮೆತ್ತನೆಯ ಹಗಲು ಬೆಳಕಿನಲ್ಲಿ, ಸಾದಾ ಹಿನ್ನೆಲೆಯ ಮುಂದೆ ಮೊಗ್ಗು, ಕುಡಿ, ಬೀಜಕೋಶಗಳನ್ನು ದಶಕಗಟ್ಟಲೆ ತೆಗೆದ. 1928ರಲ್ಲಿ ಅವು ಪುಸ್ತಕವಾಗಿ ಬಂದಾಗ ಅವನಿಗೆ ಅರವತ್ತು ದಾಟಿತ್ತು. ಇನ್ನೊಬ್ಬರು ಅಮೆರಿಕದ ಇಮೋಜೆನ್ ಕನಿಂಗ್‌ಹ್ಯಾಮ್. ಮೂವರು ಚಿಕ್ಕ ಗಂಡುಮಕ್ಕಳನ್ನು ನೋಡಿಕೊಳ್ಳುತ್ತಾ ಮನೆಯಲ್ಲೇ ಇರಬೇಕಾಗಿ ಬಂದಾಗ ಮನೆಯ ತೋಟದ ಗಿಡಗಳ ಕಡೆ ಕ್ಯಾಮೆರಾ ತಿರುಗಿಸಿದರು. 1925ರಲ್ಲಿ ಅವರು ತೆಗೆದ ಮ್ಯಾಗ್ನೋಲಿಯಾ ಹೂವಿನ ಚಿತ್ರವನ್ನು ಇವತ್ತಿಗೂ ಜನ ನಿಂತು ನೋಡುತ್ತಾರೆ. ಅದರಲ್ಲಿ ಬಣ್ಣವೇ ಇಲ್ಲ, ಇರುವುದು ಎಸಳಿನ ಮೇಲೆ ಮೆಲ್ಲಗೆ ತಿರುಗುವ ಬೆಳಕು ಮತ್ತು ನಡುವಿನ ಕೇಸರದ ಗೋಪುರ.

ನಾನು ಮಾಡದ ಎರಡು ಕೆಲಸ ಇವೆ. ಹೂವಿನ ಮೇಲೆ ಬಾಟಲಿಯಿಂದ ನೀರು ಚಿಮುಕಿಸುವುದಿಲ್ಲ. ಇಬ್ಬನಿ ಸಣ್ಣ ಸಣ್ಣ ಹನಿಯಾಗಿ ಅಂಚಿನಲ್ಲಿ ಕೂರುತ್ತದೆ, ಚಿಮುಕಿಸಿದ ನೀರು ಹಾಗೆ ಕೂರುವುದಿಲ್ಲ, ನೋಡಿದವರಿಗೆ ಗೊತ್ತಾಗುತ್ತದೆ. ಹಿನ್ನೆಲೆಗೆ ಅಡ್ಡ ಬಂದ ಇನ್ನೊಂದು ಹೂವನ್ನು ಕೀಳುವುದೂ ಇಲ್ಲ. ಕೊಂಬೆಯನ್ನು ಒಂದು ಕೈಯಲ್ಲಿ ಪಕ್ಕಕ್ಕೆ ಹಿಡಿದು ಇನ್ನೊಂದು ಕೈಯಲ್ಲಿ ತೆಗೆಯುತ್ತೇನೆ. ಆಗದಿದ್ದರೆ ಆ ಫೋಟೋ ಬೇಡ.

ದಾಸವಾಳದ ಹೂವಿಗೆ ಒಂದೇ ದಿನ. ಬೆಳಗ್ಗೆ ಬಿಚ್ಚಿಕೊಂಡದ್ದು ಸಾಮಾನ್ಯವಾಗಿ ಮಾರನೆಯ ದಿನದ ಹೊತ್ತಿಗೆ ಸುರುಳಿ ಸುತ್ತಿಕೊಂಡಿರುತ್ತದೆ. ನಿನ್ನೆ ಗೇಟಿನ ಕಡೆಯ ಕೊಂಬೆಯಲ್ಲಿ ದೊಡ್ಡದೊಂದು ಅರಳಿತ್ತು. ಹಿಂದೆ ಗೋಡೆ, ಮೇಲೆ ಚುಕ್ಕಿ ಬಿಸಿಲು. ನೋಡಿ ಬಿಟ್ಟುಬಿಟ್ಟೆ. ಸಂಜೆ ಐದೂವರೆಗೆ ಬಿಸಿಲು ಇಳಿದು ಗಿಡದ ಕೆಳಗಿನಿಂದ ತೂರಿತು, ನೆಲದ ಹತ್ತಿರದ ಕೊಂಬೆಯಲ್ಲಿ ಆಗಲೇ ಸುತ್ತಿಕೊಳ್ಳಲು ಶುರುಮಾಡಿದ್ದ ಒಂದು ಹೂವಿನ ಹಿಂದೆ ಬಂದು ನಿಂತಿತು. ಮಡಚಿದ ಎಸಳಿನ ಒಂದು ಪದರದ ಹಿಂದೆ ಇನ್ನೊಂದು ಪದರ, ಎರಡು ಸೇರಿದ ಕಡೆ ಕಡುಗೆಂಪು, ಒಂದೇ ಇರುವ ಕಡೆ ತಿಳಿಗೆಂಪು. ಗೋಣಿಚೀಲ ಹಾಸಿ, ಅಂಗೈಯನ್ನು ಲೆನ್ಸಿಗೆ ಮರೆ ಹಿಡಿದು, ಒಂದು ಸ್ಟಾಪ್ ಕಡಿಮೆ ಮಾಡಿ ಒಂಬತ್ತು ಫೋಟೋ ತೆಗೆದೆ. ಹತ್ತನೆಯದಕ್ಕೆ ಬೆರಳು ಇಡುವಷ್ಟರಲ್ಲಿ ಬಿಸಿಲು ಗೋಡೆಯಾಚೆ ಇಳಿಯಿತು.